ಸೋರುವ ಹೊಗೆ, ಮೋಸಹೋಗುವ ಎಂಜಿನ್

ಎಂಜಿನ್ನಿಗೆ ಹೊಗೆ ಬೇಡವಾದ ವಸ್ತು. ಅದು ಸೈಲೆನ್ಸರ್ ತುದಿಯಿಂದ ಹೋದರೇನು, ನಡುವೆ ಎಲ್ಲೋ ತೂತಾಗಿ ಸೋರಿದರೇನು ಎಂದು ಅನ್ನಿಸಬಹುದು. ಆದರೆ ಮಕ್ಕಳೇ, ಆ ಸಣ್ಣ ತೂತು ಇಡೀ ಎಂಜಿನ್ನಿನ ಲೆಕ್ಕವನ್ನೇ ತಪ್ಪಿಸಬಲ್ಲದು.

ಸಿಲಿಂಡರಿನಲ್ಲಿ ಪೆಟ್ರೋಲು, ಗಾಳಿ ಬೆರೆತು ಉರಿಯುತ್ತವೆ. ಉರಿದ ಅನಿಲ ಹೊರಬೀಳುವಾಗ ಅದರ ಬಿಸಿ 600 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಕಾರಿನಲ್ಲಿ ಅದು ಮೊದಲು ಸೇರುವುದು ಮ್ಯಾನಿಫೋಲ್ಡ್ ಎಂಬ ಕವಲುಕೊಳವೆಗೆ. ಎಂಜಿನ್ನಿಗೂ ಕೊಳವೆಗೂ ನಡುವೆ ಸಂದಿ ಉಳಿಯದಂತೆ ಗ್ಯಾಸ್ಕೆಟ್ ಇರುತ್ತದೆ. ಲೋಹ ಕಾದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ದಿನವೂ ಹೀಗಾಗಿ ಆಗಿ ಕೊನೆಗೆ ಕೊಳವೆ ಬಿರುಕು ಬಿಡುತ್ತದೆ, ಇಲ್ಲವೇ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ.

ಬಿರುಕಿನಿಂದ ಹೊಗೆ ಹೊರಗೆ ಬರುವುದು ಸರಿ. ಆದರೆ ಅದೇ ಬಿರುಕಿನಿಂದ ಗಾಳಿ ಒಳಕ್ಕೂ ನುಗ್ಗುತ್ತದೆ! ಹೇಗೆ? ಹೊಗೆ ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ಅಲೆ ಅಲೆಯಾಗಿ ಹೊರಡುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಸಿಲಿಂಡರೂ ಸೆಕೆಂಡಿಗೆ 25 ಬಾರಿ ಹೊಗೆ ಉಗುಳುತ್ತದೆ. ಒಂದು ಅಲೆ ರಭಸದಿಂದ ಮುಂದೆ ಹೋದಾಗ ಅದರ ಹಿಂದೆ ಕ್ಷಣಕಾಲ ಒತ್ತಡ ಇಳಿಯುತ್ತದೆ. ಆಗ ಹೊರಗಿನ ಗಾಳಿ ಒಳಗೆ ಸೆಳೆಯಲ್ಪಡುತ್ತದೆ.

ಈಗಿನ ವಾಹನಗಳ ಹೊಗೆಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. 1976ರಲ್ಲಿ ವೋಲ್ವೋ ಕಾರುಗಳಲ್ಲಿ ಇದರ ಬಳಕೆ ಶುರುವಾಯಿತು. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಅದು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಆಮ್ಲಜನಕ ಹೆಚ್ಚಿದ್ದರೆ ಪೆಟ್ರೋಲು ಸಾಲದು ಎಂದರ್ಥ. ಸೆನ್ಸರಿಗೆ ಮೊದಲೇ ಬಿರುಕಿದ್ದರೆ, ಹೊರಗಿನಿಂದ ನುಗ್ಗಿದ ಗಾಳಿಯ ಆಮ್ಲಜನಕವೂ ಆ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಬೇಡದಿದ್ದರೂ ಹೆಚ್ಚು ಪೆಟ್ರೋಲು ಕಳಿಸುತ್ತದೆ. ನೆಗಡಿಯಾಗಿ ರುಚಿ ತಿಳಿಯದವರು ಸಾರಿಗೆ ಮತ್ತೆ ಮತ್ತೆ ಉಪ್ಪು ಹಾಕಿದ ಹಾಗೆ!

ಆಗ ಮೈಲೇಜ್ ಇಳಿಯುತ್ತದೆ. ಸ್ಪಾರ್ಕ್ ಪ್ಲಗ್ಗಿಗೆ ಮಸಿ ಕಟ್ಟುತ್ತದೆ, ಕಿಡಿ ಸರಿಯಾಗಿ ಹಾರುವುದಿಲ್ಲ. ಪೂರ್ತಿ ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರ್ ಸೇರುತ್ತದೆ. ವಿಷಾನಿಲವನ್ನು ಶುದ್ಧಗೊಳಿಸುವ ಈ ಪೆಟ್ಟಿಗೆಯೊಳಗೆ ಜೇನುಗೂಡಿನಂಥ ಸಣ್ಣ ಕಿಂಡಿಗಳಿವೆ. ಅವುಗಳಿಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ದುಬಾರಿ ಲೋಹಗಳ ಲೇಪ. ಪೆಟ್ರೋಲು ಅಲ್ಲೇ ಉರಿದರೆ ಕಿಂಡಿಗಳು ಅತಿಯಾಗಿ ಕಾದು, ಕರಗಿ, ಮುಚ್ಚಿಹೋಗಬಹುದು. ಹೊಗೆಗೆ ದಾರಿಯಿಲ್ಲದೆ ಎಂಜಿನ್ ಶಕ್ತಿ ಕಳೆದುಕೊಳ್ಳುತ್ತದೆ. ಸೋರುವ ಬಿಸಿ ಅನಿಲ ನೇರವಾಗಿ ತಗುಲಿದರೆ ಪಕ್ಕದ ವೈರು, ರಬ್ಬರ್ ಪೈಪುಗಳೂ ಸುಟ್ಟು ಹಾಳಾಗುತ್ತವೆ.

ಸೋರಿಕೆಯನ್ನು ಕಿವಿಯಿಂದಲೇ ಪತ್ತೆ ಮಾಡಬಹುದು. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿದಾಗ 'ಟಿಕ್ ಟಿಕ್' ಸದ್ದು ಬಂದು, ಕಾದ ಮೇಲೆ ಅದು ಕಡಿಮೆಯಾದರೆ ಅನುಮಾನಿಸಬೇಕು. ಲೋಹ ಹಿಗ್ಗಿ ಬಿರುಕು ತಾತ್ಕಾಲಿಕವಾಗಿ ಮುಚ್ಚಿಕೊಂಡಿರಬಹುದು. ಕೊಳವೆಯ ಜೋಡಣೆಯ ಬಳಿ ಕಪ್ಪು ಮಸಿಯ ಗೆರೆ ಕಂಡರೂ ಎಚ್ಚರ.

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣಕ್ಕೇ ಅಪಾಯ. ಆದ್ದರಿಂದ ಇಂಥ ಸದ್ದು ಕೇಳಿಸಿದರೆ ಮನೆಯ ದೊಡ್ಡವರಿಗೆ ಕೂಡಲೇ ತಿಳಿಸಿ, ಮೆಕ್ಯಾನಿಕ್ ಹತ್ತಿರ ತೋರಿಸಲು ಹೇಳಿ. ಬಿಸಿ ಸೈಲೆನ್ಸರ್ ಮುಟ್ಟಬೇಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡುತ್ತಿದ್ದರೆ ಅಲ್ಲಿ ಒಂದು ಕ್ಷಣವೂ ನಿಲ್ಲಬೇಡಿ.