ಶಾಫ್ಟಿನ ಕ್ರಾಸ್ ಹೋದಾಗ: ಸಣ್ಣ ಟ್ರಕ್ಕಿನ ಜಾಯಿಂಟ್ ಮನೆಯಲ್ಲೇ ಬದಲಾಯಿಸೋದು

ಇವತ್ತು ಕೈಗೆ ಗ್ರೀಸ್ ಹತ್ತುವ ವಿಷಯ ಮಾತಾಡೋಣ.

ನಮ್ಮಲ್ಲಿ ಎಷ್ಟೋ ಜನ ಐರೋಲಿಯಲ್ಲೋ ಮಹಾಪೆಯಲ್ಲೋ ಕಂಪ್ಯೂಟರ್ ಮುಂದೆ ಕೂತಿರ್ತೀವಿ. ಆದರೆ ನಾವು ಕಂತು ಕಟ್ಟುವ ಒಂದು ಸಣ್ಣ ಟ್ರಕ್ಕನ್ನು ಊರಲ್ಲಿ ತಮ್ಮನೋ, ಇಲ್ಲೇ ಕಲ್ಯಾಣದಲ್ಲಿ ಭಾವನೋ ಓಡಿಸ್ತಿರ್ತಾರೆ. ನಮ್ಮ ಮನೆಯದು ಟಾಟಾ ಏಸ್, ಜನ ಛೋಟಾ ಹಾಥಿ ಅಂತಾರಲ್ಲ, ಅದು. 2005ರಲ್ಲಿ ಬಂದ ಮೊದಲ ಏಸ್‌ಗೆ ಇದ್ದದ್ದು 702 ಸಿಸಿಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್. ಎಂಜಿನ್ ಸೀಟಿನ ಕೆಳಗೆ, ಗಾಡಿಯನ್ನು ತಳ್ಳುವ ಚಕ್ರ ಹಿಂದೆ. ಆ ಎರಡರ ನಡುವೆ ತಿರುಗುವ ಉದ್ದನೆಯ ಪೈಪೇ ಪ್ರೊಪೆಲ್ಲರ್ ಶಾಫ್ಟ್. ಅದರ ತುದಿಗಳಲ್ಲಿರುವ ಜಾಯಿಂಟಿಗೆ ಗ್ಯಾರೇಜಿನವರು ‘ಕ್ರಾಸ್’ ಅಂತಾರೆ. ಒಳಗಿರೋದು ಕೂಡು ಗುರುತಿನ ಆಕಾರದ ಉಕ್ಕಿನ ತುಂಡು. ಅದರ ನಾಲ್ಕು ತುದಿಗೆ ನಾಲ್ಕು ಪುಟ್ಟ ಬಟ್ಟಲು, ಬಟ್ಟಲೊಳಗೆ ಸೂಜಿಯಂಥ ಬೇರಿಂಗುಗಳು.

ಇದು ಹಾಳಾಗೋದು ಹೇಗೆ? ಶಿಳ್‌ಫಾಟಾ ರಸ್ತೆ ಮಳೆಗಾಲದಲ್ಲಿ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಗುಂಡಿ, ಗುಂಡಿ ತುಂಬ ಕೆಸರು ನೀರು. ಸೀಲ್ ಸವೆದಿದ್ದರೆ ನೀರು ಒಳಗೆ ಹೋಗುತ್ತೆ, ಗ್ರೀಸ್ ತೊಳೆದುಹೋಗುತ್ತೆ, ಸೂಜಿಗಳಿಗೆ ತುಕ್ಕು ಹಿಡಿಯುತ್ತೆ. ಆಮೇಲೆ ಅವು ಉರುಳೋದಿಲ್ಲ, ಉಜ್ಜುತ್ತವೆ.

ಒಳ್ಳೆಯ ಸುದ್ದಿ ಏನಂದ್ರೆ, ಕ್ರಾಸ್ ಸಾಮಾನ್ಯವಾಗಿ ಮುರಿಯುವ ಮೊದಲು ಹೇಳಿಯೇ ಮುರಿಯುತ್ತೆ. ನಿಧಾನಕ್ಕೆ ಹೋಗುವಾಗ ಚಿಂವ್ ಚಿಂವ್ ಅಂತ ಹಕ್ಕಿ ಮರಿಯಂತೆ ಸದ್ದು ಬಂದು, ವೇಗದ ಜೊತೆ ಹೆಚ್ಚಾದರೆ ಒಳಗೆ ಗ್ರೀಸ್ ಒಣಗಿದೆ. ಕ್ಲಚ್ ಬಿಟ್ಟ ಕೂಡಲೇ, ಇಲ್ಲವೇ ರಿವರ್ಸಿನಿಂದ ಮುಂದಕ್ಕೆ ಹಾಕಿದ ಕೂಡಲೇ ‘ಟಕ್’ ಅಂದರೆ ಸವೆತ ಶುರುವಾಗಿದೆ. ಬಟ್ಟಲಿನ ಸುತ್ತ ಕುಂಕುಮದಂಥ ಕೆಂಪು ಪುಡಿ ಕಂಡರೆ ಇನ್ನು ಮುಂದೂಡಬೇಡಿ. ವೇಗದಲ್ಲಿ ಕಾಲಡಿಯೇ ನಡುಗಲು ಶುರುವಾದರೆ ಅವತ್ತೇ ಗಾಡಿ ನಿಲ್ಲಿಸಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ? ಕಲ್ಯಾಣದಿಂದ ಮಾಲ್ಶೇಜ್ ಘಾಟಿಗೆ ಹೋಗೋ ಗಾಡಿ ಅಂದ್ಕೊಳ್ಳಿ. ಇಳಿಜಾರಿನಲ್ಲಿ ಕ್ರಾಸ್ ಮುರಿದರೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧವೇ ಕಡಿದುಹೋಗುತ್ತೆ. ಯಾವ ಗೇರು ಹಾಕಿದರೂ ಗಾಡಿ ತಡೆಯೋದಿಲ್ಲ. ಶಾಫ್ಟಿನ ಮುಂದಿನ ತುದಿ ಕಳಚಿ ರಸ್ತೆಗೆ ಚುಚ್ಚಿಕೊಂಡರಂತೂ ಹೇಳೋದೇ ಬೇಡ. ಒಳಗೆ ಕೂತಿರೋದು ನಮ್ಮ ಭಾವ.

ಈಗ ಕೆಲಸಕ್ಕೆ ಬರೋಣ. ಇಲ್ಲಿ ಒಂದು ಮಾತು ಬೇರೆಲ್ಲಕ್ಕಿಂತ ಮುಖ್ಯ. ಗೇರಿನಲ್ಲಿ ನಿಲ್ಲಿಸಿದ ಗಾಡಿ ಉರುಳೋದಿಲ್ಲ ಅನ್ನೋ ಅಭ್ಯಾಸ ನಮಗಿದೆ. ಶಾಫ್ಟ್ ಬಿಚ್ಚಿದ ಕ್ಷಣಕ್ಕೆ ಆ ಆಸರೆ ಹೋಯ್ತು. ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಚಕ್ರವನ್ನು. ಹಿಂಭಾಗ ಎತ್ತಿದ ಮೇಲೆ ಅದೂ ಇಲ್ಲ. ಹಾಗಾಗಿ ಸೊಸೈಟಿ ಗೇಟಿನ ಇಳಿಜಾರು ಬೇಡವೇ ಬೇಡ. ಮಟ್ಟಸವಾದ ಸಿಮೆಂಟ್ ನೆಲ ಬೇಕು. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡ್ಡೆ ಕೊಡಿ. ಹಿಂದಿನ ಆಕ್ಸಲ್ಲಿನ ಕೆಳಗೆ ಎರಡು ಉಕ್ಕಿನ ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ಕೈಯಿಂದ ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ. ಬರೀ ಜಾಕ್ ನಂಬಿ ಹೋಗಬಾರದು. ಇಟ್ಟಿಗೆಯನ್ನಂತೂ ನಂಬಲೇಬಾರದು, ಅದು ಮುನ್ಸೂಚನೆ ಕೊಡದೆ ಒಡೆಯುತ್ತೆ. ಒಬ್ಬರೇ ಮಾಡಬೇಡಿ, ಪಕ್ಕದಲ್ಲಿ ಇನ್ನೊಬ್ಬರು ಇರಲಿ.

ಮೊದಲು ಪರೀಕ್ಷೆ. ಗೇರ್ ನ್ಯೂಟ್ರಲ್, ಎಂಜಿನ್ ಬಂದ್. ಜಾಯಿಂಟಿನ ಎರಡೂ ಬದಿ ಒಂದೊಂದು ಕೈಯಲ್ಲಿ ಹಿಡಿದು ಎದುರುಬದುರು ತಿರುಗಿಸಿ, ಮೇಲೆ ಕೆಳಗೂ ಅಲುಗಿಸಿ. ಇಡೀ ಶಾಫ್ಟ್ ಸ್ವಲ್ಪ ತಿರುಗಿದರೆ ಅದು ಡಿಫರೆನ್ಷಿಯಲ್ಲಿನ ಸಹಜ ಸಡಿಲ. ಕ್ರಾಸಿಗೂ ಅದನ್ನು ಹಿಡಿದಿರುವ ಕವಲಿಗೂ ನಡುವೆ ಅಲುಗಾಟ ಕಂಡರೆ ಕ್ರಾಸ್ ಹೋಗಿದೆ.

ಬಿಚ್ಚುವ ಮೊದಲು ಬಣ್ಣ ತಗೊಂಡು ಗುರುತು ಹಾಕಿ. ಎರಡು ಫ್ಲ್ಯಾಂಜ್ ಕೂಡುವ ಕಡೆ ಒಂದು ಗೆರೆ, ಶಾಫ್ಟಿನಲ್ಲಿ ಹಿಂದೆ ಮುಂದೆ ಜಾರುವ ಭಾಗ ಇರುವ ಕಡೆ ಇನ್ನೊಂದು. ಇದು ಶಿಸ್ತಿನ ಶೋಕಿ ಅಲ್ಲ. ಈ ಜಾಯಿಂಟಿಗೆ ಹುಕ್ಸ್ ಜಾಯಿಂಟ್ ಅಂತಲೂ ಹೆಸರು. 17ನೇ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಅದರ ಒಂದು ವಿಚಿತ್ರ ಗುಣವನ್ನು ಗಮನಿಸಿದ್ದ. ಓರೆಯಲ್ಲಿ ತಿರುಗುವಾಗ ಒಂದು ಬದಿ ಒಂದೇ ವೇಗದಲ್ಲಿ ತಿರುಗಿದರೂ ಇನ್ನೊಂದು ಬದಿ ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತೆ, ಎರಡು ಸಲ ಹಿಂದುಳಿಯುತ್ತೆ. 10 ಡಿಗ್ರಿ ಓರೆಗೆ ಸುಮಾರು ಶೇ. 1.5, 20 ಡಿಗ್ರಿಗೆ ಸುಮಾರು ಶೇ. 6. ಮುಂದಿನ ಜಾಯಿಂಟ್ ಮಾಡುವ ಈ ಏರುಪೇರನ್ನು ಹಿಂದಿನ ಜಾಯಿಂಟ್ ಅಳಿಸಿಹಾಕುತ್ತೆ, ಆದರೆ ಎರಡೂ ಒಂದೇ ನೇರದಲ್ಲಿ ಇದ್ದಾಗ ಮಾತ್ರ. ಜಾರುವ ಭಾಗವನ್ನು ಒಂದೆರಡು ಹಲ್ಲು ಆಚೀಚೆ ಕೂರಿಸಿದರೆ ಹೊಸ ಕ್ರಾಸ್ ಹಾಕಿಯೂ ಗಾಡಿ ನಡುಗುತ್ತೆ.

ಬೋಲ್ಟ್ ಬಿಚ್ಚುವಾಗ ಶಾಫ್ಟ್ ಜೋತುಬೀಳದಂತೆ ಹಗ್ಗದಲ್ಲಿ ಕಟ್ಟಿ. ಗೇರ್‌ಬಾಕ್ಸಿನೊಳಗೆ ಜಾರಿಸಿ ಕೂರಿಸುವ ಶಾಫ್ಟ್ ಆದರೆ ಎಳೆದಾಗ ಎಣ್ಣೆ ಸುರಿಯಬಹುದು, ಕೆಳಗೊಂದು ತಟ್ಟೆ ಇರಲಿ.

ಹೊರಗೆ ತಂದ ಮೇಲೆ ಕವಲು ಒರೆಸಿ, ಬಟ್ಟಲು ಹಿಡಿದಿರುವ ಲಾಕುಗಳನ್ನು ತೆಗೆಯಿರಿ. ಅವು ಸಿಡಿಯುತ್ತವೆ, ಕಣ್ಣಿಗೆ ಕನ್ನಡಕ ಬೇಕು. ಬಟ್ಟಲು ತೆಗೆಯಲು ವೈಸ್ ಮತ್ತು ಎರಡು ಸಾಕೆಟ್ ಸಾಕು. ಬಟ್ಟಲಿಗಿಂತ ಚಿಕ್ಕದು ಒಂದು ಕಡೆಯಿಂದ ತಳ್ಳುತ್ತೆ, ದೊಡ್ಡದು ಇನ್ನೊಂದು ಕಡೆ ಬಟ್ಟಲನ್ನು ಒಳಗೆ ತಗೊಳ್ಳುತ್ತೆ. ಪೈಪಿನ ಮೇಲೆ ಸುತ್ತಿಗೆ ಬೀಳಬಾರದು, ವೈಸಿನಲ್ಲಿ ಪೈಪನ್ನು ಹಿಸುಕಲೂ ಬಾರದು. ನೆಗ್ಗಿದ ಪೈಪಿನ ತೂಕದ ಸಮತೋಲ ಹೋಗುತ್ತೆ.

ಹೊಸದು ಹಾಕುವಾಗ ತಾಳ್ಮೆ ಬೇಕು. ಬಟ್ಟಲೊಳಗಿನ ಸೂಜಿ ಒಂದು ಅಡ್ಡ ಬಿದ್ದರೂ ಬಟ್ಟಲು ಪೂರ್ತಿ ಕೂರೋದಿಲ್ಲ, ಲಾಕಿನ ಗಾಡಿ ಕಾಣೋದಿಲ್ಲ. ಆಗ ಬಡಿಯಬೇಡಿ, ಹೊರತೆಗೆದು ನೋಡಿ. ಗ್ರೀಸ್ ನಿಪ್ಪಲ್ ಇದ್ದರೆ ಗನ್ ತಲುಪುವ ದಿಕ್ಕಿಗೆ ಇರಲಿ. ನಾಲ್ಕೂ ಲಾಕ್ ಕೂತ ಮೇಲೆ ಜಾಯಿಂಟ್ ಕೈಯಲ್ಲೇ ಎಲ್ಲ ಕಡೆಗೂ ಸಲೀಸಾಗಿ ಮಡಚಬೇಕು. ನಾಲ್ಕೂ ಸೀಲಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಗನ್ ಒತ್ತಿ. ಗುರುತು ಗುರುತಿಗೆ ಸೇರಿಸಿ, ಹೊಸ ನಟ್ ಬೋಲ್ಟ್ ಹಾಕಿ, ಕಂಪನಿಯ ಪುಸ್ತಕದಲ್ಲಿ ಹೇಳಿದ ಟಾರ್ಕಿಗೆ ಬಿಗಿಮಾಡಿ. ಖಾಲಿ ಗಾಡಿ ನಿಧಾನಕ್ಕೆ ಒಂದು ಸುತ್ತು ಓಡಿಸಿ, ಮತ್ತೆ ಬೋಲ್ಟ್ ನೋಡಿ. ಆಮೇಲೆ ಲೋಡು.

ಮನೆಯಲ್ಲಿ ಮಾಡಬಾರದ್ದು ಯಾವುದು? ಹೊಸ ಬಟ್ಟಲು ಕವಲಿನ ತೂತಿನಲ್ಲಿ ಬೆರಳಲ್ಲೇ ಜಾರಿ ಕೂತರೆ ಕವಲೇ ಸವೆದಿದೆ. ಪೈಪ್ ನೆಗ್ಗಿದ್ದರೆ, ಕ್ರಾಸ್ ಹಾಕಿದ ಮೇಲೂ ನಡುಕ ಉಳಿದರೆ, ಶಾಫ್ಟ್ ಬ್ಯಾಲೆನ್ಸ್ ಮಾಡುವ ವರ್ಕ್‌ಶಾಪಿಗೆ ಒಯ್ಯಿರಿ. ಟ್ರಕ್ಕಿನ ಕೆಲಸ ಕೇಳಲು ಕಳಂಬೋಲಿ ನಮಗೆ ದೂರವೇನಲ್ಲ. ಕವಲಿಗೆ ವೆಲ್ಡಿಂಗ್ ಹಾಕಿ ‘ಚಲೇಗಾ’ ಅನ್ನುವವರ ಮಾತು ಕೇಳಬೇಡಿ.

ಇಷ್ಟೆಲ್ಲ ಕಲಿತು ಉಳಿಯುವ ಹಣ ಮೆಕ್ಯಾನಿಕ್ಕಿನ ಮಜೂರಿ ಅಷ್ಟೇ, ಅದಕ್ಕಾಗಿ ನಾನು ಇದನ್ನು ಹೇಳ್ತಿಲ್ಲ. ಸಣ್ಣ ಗಾಡಿಯವರಿಗೆ ಗಾಡಿ ನಿಂತ ದಿನ ಸಂಪಾದನೆಯೂ ನಿಂತಂತೆ, ಅದಕ್ಕೇ ಅವರು ‘ಟಕ್’ ಅನ್ನೋ ಸದ್ದನ್ನು ಮುಂದಿನ ವಾರಕ್ಕೆ ತಳ್ಳುತ್ತಾ ಹೋಗ್ತಾರೆ. ಭಾನುವಾರ ಅರ್ಧ ದಿನದಲ್ಲಿ ಮನೆಯಲ್ಲೇ ಆಗುತ್ತೆ ಅಂತಾದರೆ ತಳ್ಳೋದಿಲ್ಲ. ಗನ್ ಹಿಡಿದು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಗ್ರೀಸ್ ಹೊಡೆಯೋದಕ್ಕಂತೂ ಹತ್ತು ನಿಮಿಷ ಸಾಕು.

ಕಂತು ತುಂಬಿತಾ ಅಂತ ನಾವು ಪ್ರತಿ ತಿಂಗಳು ಕೇಳ್ತೀವಿ. ಇನ್ನು ಮೇಲೆ ಫೋನ್ ಮಾಡಿದಾಗ ಇದನ್ನೂ ಕೇಳಿ: ಕ್ರಾಸಿಗೆ ಗ್ರೀಸ್ ಹೊಡೆದು ಎಷ್ಟು ದಿನ ಆಯ್ತು?