ಹಳೆಯ ಪಿಕಪ್ಪಿನ ಆರೈಕೆ



ನಾನು ಭಾಷಣಕಾರನಲ್ಲ, ಗ್ಯಾರೇಜಿನವನು. ನಮ್ಮಲ್ಲಿ ಹಲವರು ಸಂಘದ ಸಾಲದಲ್ಲಿ ಹಳೆಯ ಡೀಸೆಲ್ ಪಿಕಪ್ ಕೊಂಡಿದ್ದೀರಿ. ಅದು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಹಾಲು ಡೇರಿಗೆ ಹೋಗೋದಿಲ್ಲ, ಸಾಲದ ಕಂತೂ ನಿಲ್ಲುತ್ತದೆ.

ಸೆಲ್ಫ್ ಬರೀ 'ಟಕ್ ಟಕ್' ಅಂದರೆ ಹೊಸ ಬ್ಯಾಟರಿಗೆ ಓಡಬೇಡಿ. ಮೈನಸ್ ತಂತಿ ಮೊದಲು ಬಿಚ್ಚಿ, ಟರ್ಮಿನಲ್ಲಿಗೆ ಹಿಡಿದ ಬಿಳಿ ಹಿಟ್ಟನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ಬಿಗಿ ಮಾಡಿ. ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಡೀಸೆಲ್ ಲೈನಿನಲ್ಲಿ ಗಾಳಿ ಸೇರಿರಬಹುದು. ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿ, ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ. ಇಂಜಿನ್ ಆಯಿಲ್ ಹಾಲು ಹಾಕಿದ ಚಹಾದಂತೆ ಕಂಡರೆ ನೀರು ಬೆರೆತಿದೆ, ಗಾಡಿ ಓಡಿಸಲೇಬೇಡಿ.

ಬ್ರೇಕಿನದು ಬೇರೆಯೇ ಮಾತು. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಸಾಮಾನ್ಯವಾಗಿ ಲೈನಿನಲ್ಲಿ ಗಾಳಿ ಇರುತ್ತದೆ. ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರಿಕೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆ. ಬ್ರೇಕ್ ಆಯಿಲ್ ತುಂಬಿಸಿ 'ನಾಳೆ ನೋಡೋಣ' ಅನ್ನೋದು ನಮ್ಮವರ ರೂಢಿ. ನಾನೇ ಒಮ್ಮೆ ಹಾಗಂದು ಕಳಿಸಿದ ಗಾಡಿ ಇಳಿಜಾರಿನಲ್ಲಿ ನಿಲ್ಲದೆ ಕೆರೆ ಏರಿಗೆ ಗುದ್ದಿತು. ಹುಡುಗ ಉಳಿದ, ಹಾಲೆಲ್ಲ ಹೋಯಿತು.

ಅಂದಿನಿಂದ ಅಂಥ ಗಾಡಿ ಬಂದರೆ ರಿಪೇರಿ ಆಗೋವರೆಗೂ ಕೀಲಿ ವಾಪಸು ಕೊಡೋದಿಲ್ಲ. ಬೈಯುವವರು ಬೈಯಲಿ.