ದೇಹದ ಹೊದಿಕೆಯೂ ಅದರ ಮೂಲಕೋಶಗಳೂ



ಶ್ರೀಮಠದ ಈ ಮಹೋತ್ಸವಸಭೆಯಲ್ಲಿ ಧರ್ಮತತ್ತ್ವಗಳನ್ನು ಕುರಿತು ಮಾತನಾಡಬಲ್ಲ ಪಂಡಿತರು ಅನೇಕರಿರಲು, ವೈದ್ಯವೃತ್ತಿಯವನಾದ ನನಗೂ ಕೆಲವು ಮಾತುಗಳನ್ನಾಡಲು ಅಪ್ಪಣೆಯಾಗಿದೆ. ಪ್ರಸಾದವನ್ನು ಸ್ವೀಕರಿಸುವುದೂ ಪಂಚಾಕ್ಷರಿಯನ್ನು ಉಚ್ಚರಿಸುವುದೂ ನಮ್ಮ ಈ ಬಾಯಿಂದಲೇ ಅಲ್ಲವೆ? ಆ ಬಾಯಿಯ ಒಳಗಣ ತೆಳುವಾದ ಹೊದಿಕೆಯು ಯಾವ ಶಕ್ತಿಯಿಂದ ನಿತ್ಯವೂ ಹೊಸದಾಗುತ್ತಿರುವುದು, ಆ ಶಕ್ತಿಯೇ ಕಟ್ಟುತಪ್ಪಿದಾಗ ಹೇಗೆ ಕ್ಯಾನ್ಸರ್ ಎಂಬ ಘೋರವ್ಯಾಧಿಗೆ ಮೂಲವಾಗುವುದು ಎಂಬುದನ್ನು ತಿಳಿದಮಟ್ಟಿಗೆ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ದೇಹವು ಅಸಂಖ್ಯ ಜೀವಕೋಶಗಳಿಂದ ಆದುದು. ಹೊರಗಣ ಚರ್ಮ, ಬಾಯಿ, ಅನ್ನನಾಳ, ಕರುಳು, ಶ್ವಾಸನಾಳ, ಇವೆಲ್ಲವನ್ನೂ ಆವರಿಸಿರುವ ಕೋಶಗಳ ಪದರಕ್ಕೆ ಎಪಿಥೀಲಿಯಂ ಎಂದು ಹೆಸರು. ನಾವು ಹೊದಿಕೆಯ ಅಂಗಾಂಶವೆನ್ನೋಣ. ಲೋಕದ ಉಜ್ಜಾಟ, ಬಿಸಿ, ವಿಷ ಎಲ್ಲವೂ ಮೊದಲು ತಾಗುವುದು ಇದಕ್ಕೆ. ಆದುದರಿಂದ ಇದು ಸವೆಯುತ್ತಲೇ ಇರುವುದು, ಬೆಳೆಯುತ್ತಲೇ ಇರುವುದು. ಚರ್ಮದ ಮೇಲ್ಪದರವು ಸುಮಾರು ಒಂದು ತಿಂಗಳಿನಲ್ಲಿ ಹೊಸದಾಗುವುದು. ಸಣ್ಣಕರುಳಿನ ಹೊದಿಕೆಗೆ ೩ರಿಂದ ೫ ದಿನಗಳು ಸಾಕು.

ಹಾಗಾದರೆ ಈ ಹೊಸ ಕೋಶಗಳು ಬರುವುದೆಲ್ಲಿಂದ? ನಮ್ಮ ರೈತನು ಸುಗ್ಗಿಯ ಕಾಳನ್ನೆಲ್ಲಾ ಉಂಡು ತೀರಿಸುವನೇ? ಬಿತ್ತನೆಗೆಂದು ಸ್ವಲ್ಪವನ್ನು ತೆಗೆದಿಟ್ಟು ಜೋಪಾನಮಾಡುವನು. ದೇಹವೂ ಹಾಗೆಯೇ ಮಾಡುತ್ತದೆ. ಹೊದಿಕೆಯ ತಳದಲ್ಲಿ ಸ್ಟೆಮ್ ಸೆಲ್ ಎಂಬ ಮೂಲಕೋಶಗಳು ನೆಲೆಸಿವೆ. ಇವು ಒಡೆದು ಇಬ್ಭಾಗವಾಗುತ್ತಾ, ತಮ್ಮಂತಹ ಕೋಶಗಳನ್ನು ಬಿತ್ತನೆಗೆ ಉಳಿಸಿಕೊಂಡು, ಮಿಕ್ಕವನ್ನು ಕೆಲಸಕ್ಕೆ ಕಳುಹಿಸುವುವು. ಕೆಲಸಕ್ಕೆ ಹೋದ ಕೋಶವು ತನ್ನ ಕಾಯಕವನ್ನು ಮುಗಿಸಿ ಉದುರಿಹೋಗುವುದು. ಬಿತ್ತನೆಯ ಸಂತತಿಯು ತಳದಲ್ಲಿ ಉಳಿಯುವುದು.

ಇದು ಕೇವಲ ಊಹೆಯಲ್ಲ. ೧೯೭೪ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಹೇಜಲ್ ಚೆಂಗ್ ಮತ್ತು ಚಾರ್ಲ್ಸ್ ಲೆಬ್ಲಾಂಡ್ ಎಂಬವರು, ಇಲಿಯ ಕರುಳಿನ ಸೂಕ್ಷ್ಮವಾದ ಕುಳಿಗಳ ತಳದಲ್ಲಿರುವ ಸಪುರಾದ ಕೋಶಗಳೇ ಅಲ್ಲಿನ ಹೊದಿಕೆಯ ಮೂಲವೆಂದು ವಾದಿಸಿದರು. ೨೦೦೭ರಲ್ಲಿ ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ನಿಕ್ ಬಾರ್ಕರ್, ಹಾನ್ಸ್ ಕ್ಲೆವರ್ಸ್ ಮೊದಲಾದವರು ಆ ಕೋಶಗಳಿಗೆ ಅಳಿಯದ ಗುರುತನ್ನು ಹಾಕಿ, ಅವುಗಳ ಸಂತತಿಯೇ ಹೊದಿಕೆಯನ್ನೆಲ್ಲ ಕಟ್ಟುವುದನ್ನು ತೋರಿಸಿಕೊಟ್ಟರು. ೨೦೦೯ರಲ್ಲಿ ತೋಶಿರೊ ಸಾತೊ ಎಂಬವರು ಕ್ಲೆವರ್ಸರ ಪ್ರಯೋಗಶಾಲೆಯಲ್ಲಿ ಇಂತಹ ಒಂದೇ ಕೋಶದಿಂದ ಕರುಳಿನ ಹೊದಿಕೆಯ ಕಿರುಪ್ರತಿಮೆಯನ್ನು ಪಾತ್ರೆಯಲ್ಲಿ ಬೆಳೆಸಿದರು.

ಈ ಶಕ್ತಿಯು ಎಂತಹ ವರವೆಂಬುದಕ್ಕೆ ಒಂದು ನಿದರ್ಶನ ಸಾಕು. ಮುಟ್ಟಿದರೆ ಸುಲಿದುಹೋಗುವ ಚರ್ಮರೋಗದಿಂದ ಸಾವಿನ ಅಂಚಿನಲ್ಲಿದ್ದ ೭ ವರ್ಷದ ಬಾಲಕನೊಬ್ಬನಿಗೆ ಜರ್ಮನಿಯ ಬೋಖುಮ್ ನಗರದಲ್ಲಿ ಹೊಸ ಚರ್ಮವನ್ನು ಹೊದಿಸಿದರು. ಇಟಲಿಯ ಮಿಕೇಲೆ ದೆ ಲೂಕಾ ಅವರ ತಂಡವು ಅವನ ಕೋಶಗಳನ್ನೇ ತೆಗೆದು, ದೋಷವನ್ನು ತಿದ್ದಿ, ಬೆಳೆಸಿಕೊಟ್ಟಿದ್ದಿತು. ದೇಹದ ಚರ್ಮದಲ್ಲಿ ಶೇಕಡ ೮೦ರಷ್ಟು ಹೊಸದಾಯಿತು. ಈ ಸಂಗತಿ ೨೦೧೭ರಲ್ಲಿ ಪ್ರಕಟವಾಯಿತು. ಆ ಚರ್ಮವನ್ನು ಉಳಿಸಿಕೊಂಡುಬಂದವು ಬಹುಕಾಲ ಬಾಳುವ ಕೆಲವೇ ಮೂಲಕೋಶಗಳೆಂದು ಕಂಡುಬಂದಿತು.

ಇನ್ನು ವರವು ಶಾಪವಾಗುವ ಬಗೆಯನ್ನು ನೋಡೋಣ. ಉಣ್ಣುವ ಕಾಳಿಗೆ ಹುಳು ಹಿಡಿದರೆ ಆ ಕಾಳಿನೊಡನೆಯೇ ಕೇಡು ತೀರುವುದು. ಬಿತ್ತನೆಯ ಕಾಳಿಗೆ ರೋಗ ತಗುಲಿದರೆ ಮುಂದಿನ ಪೈರಿಗೆಲ್ಲ ಅದು ಹಬ್ಬುವುದು. ಕೋಶದ ವಂಶವಾಹಿಗಳಲ್ಲಿ ಆಗುವ ಕೆಡುಕೂ ಹೀಗೆಯೇ. ಕೆಲವು ದಿನಗಳಲ್ಲಿ ಉದುರುವ ಕೋಶವು ತನ್ನ ಕೆಡುಕನ್ನೂ ಒಯ್ಯುವುದು. ಮೂಲಕೋಶದಲ್ಲಿ ಬಿದ್ದ ಗಾಯವಾದರೋ ಅದರ ಸಂತತಿಯಲ್ಲಿ ವರ್ಷಾನುವರ್ಷ ಉಳಿದು, ಗಾಯದ ಮೇಲೆ ಗಾಯ ಸೇರುತ್ತ ಹೋಗುವುದು. ೨೦೦೯ರಲ್ಲಿ ಬಾರ್ಕರ್ ಮತ್ತು ಸಂಗಡಿಗರು ಇಲಿಗಳ ಕರುಳಿನಲ್ಲಿ ಕೋಶವೃದ್ಧಿಗೆ ಕಡಿವಾಣವಾದ ಎಪಿಸಿ ಎಂಬ ವಂಶವಾಹಿಯನ್ನು ತೆಗೆದು ನೋಡಿದರು. ಮೂಲಕೋಶಗಳಲ್ಲಿ ತೆಗೆದಾಗ ಗಂಟುಗಳು ಬೇಗನೆ ಬೆಳೆದುವು. ಅಲ್ಪಾಯುವಾದ ಕೋಶಗಳಲ್ಲಿ ತೆಗೆದಾಗ ಬೆಳವಣಿಗೆಯು ಬಹುಮಟ್ಟಿಗೆ ತಡೆದು ನಿಂತಿತು. ಆದರೆ ಇದೊಂದೇ ದಾರಿಯಲ್ಲ. ಉರಿಯೂತದ ಒತ್ತಡದಲ್ಲಿ ಪಕ್ವವಾದ ಕೋಶವೂ ಮರಳಿ ಮೂಲಸ್ವಭಾವವನ್ನು ತಾಳಬಹುದೆಂದು ತರುವಾಯದ ಪ್ರಯೋಗಗಳಿಂದ ತಿಳಿದುಬಂದಿದೆ.

ಕರುಳಿನಲ್ಲಿ ಕಂಡ ಈ ನ್ಯಾಯವು ಬಾಯಿಗೂ ಸಲ್ಲುತ್ತದೆ. ಕೆನ್ನೆಯ ಒಳಗಣ ಹೊದಿಕೆಯಲ್ಲಿಯೂ ಬಿತ್ತನೆಯ ಕೋಶಗಳು ತಳದ ಸಾಲಿನಲ್ಲಿವೆ. ಅವುಗಳ ಕೆಳಗೆ ಆಧಾರಪಟಲವೆಂಬ ತೆಳುವಾದ ಎಲ್ಲೆಯಿದೆ. ಕೆಟ್ಟ ಸಂತತಿಯು ಆ ಎಲ್ಲೆಯನ್ನು ಮೀರಿ ಒಳನುಗ್ಗಿದಾಗಲೇ ಅದು ಕ್ಯಾನ್ಸರ್. ೧೯೫೩ರಲ್ಲಿ ಅಮೆರಿಕೆಯ ಡಾಕ್ಟರ್ ಸ್ಲಾಟರ್ ಮತ್ತು ಸಂಗಡಿಗರು ಬಾಯಿಯ ಕ್ಯಾನ್ಸರನ್ನು ಪರೀಕ್ಷಿಸಿ, ಗಂಟಿನ ಸುತ್ತಲಿನ ಹೊದಿಕೆಯೂ ವಿಸ್ತಾರವಾಗಿ ಕೆಟ್ಟಿರುವುದನ್ನು ಕಂಡರು. ಹೊಲವೇ ಕೆಟ್ಟಿರುವಾಗ ಒಂದು ಗಿಡವನ್ನು ಕಿತ್ತಮಾತ್ರಕ್ಕೆ ಭಯ ತೀರದು.

ಹೊಲವನ್ನು ಕೆಡಿಸುವುದು ಯಾವುದು? ತಂಬಾಕು, ಮದ್ಯ, ಮತ್ತು ಹೇಳಲು ಸಂಕೋಚವಾದರೂ, ಅಡಿಕೆ. ತಂಬಾಕು ಬೆರೆಸದ ಅಡಿಕೆಯೂ ಮನುಷ್ಯನಿಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿತು. ಅಡಿಕೆಯು ನಮ್ಮ ಮಲೆನಾಡಿನ ಎಷ್ಟೋ ಸದ್ಭಕ್ತರ ಅನ್ನವೆಂಬುದನ್ನೂ, ತಾಂಬೂಲವು ನಮ್ಮಲ್ಲಿ ಗೌರವದ ಗುರುತೆಂಬುದನ್ನೂ ನಾನು ಬಲ್ಲೆನು. ಆದರೂ, ಹಗಲಿರುಳು ಕೆನ್ನೆಯಲ್ಲಿ ಒತ್ತಿಟ್ಟ ಉಂಡೆಯು ತಳದ ಕೋಶಗಳನ್ನು ದಿನದಿನವೂ ನೋಯಿಸುವುದೆಂಬುದನ್ನು ಬಲ್ಲ ವೈದ್ಯನು ದಾಕ್ಷಿಣ್ಯಕ್ಕಾಗಿ ಸುಮ್ಮನಿರಲಾಗದು. ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳಲ್ಲಿ ಬಾಯಿಯದು ಮುಂಚೂಣಿಯಲ್ಲಿದೆ. ಉಂಡೆಯನ್ನಿಡುವ ಕೆನ್ನೆ, ಒಸಡುಗಳ ಸಂದಿಯಲ್ಲಿಯೇ ಅದು ಬಹುವಾಗಿ ಹುಟ್ಟುವುದು.

ಭಯಪಡಿಸುವುದು ನನ್ನ ಉದ್ದೇಶವಲ್ಲ. ಗಾಯಗಳು ಕೂಡಿಬರಲು ಸಾಮಾನ್ಯವಾಗಿ ವರ್ಷಗಳೇ ಬೇಕು. ಆ ಅವಧಿಯೇ ನಮಗೆ ದೊರೆತ ಅವಕಾಶ. ಬಾಯಲ್ಲಿ ಬಿಳಿಯ ಇಲ್ಲವೆ ಕೆಂಪು ಮಚ್ಚೆ ಕಂಡರೆ, ಎರಡು ವಾರಗಳಾದರೂ ಮಾಯದ ಹುಣ್ಣಿದ್ದರೆ, ಬಾಯಿ ಮೊದಲಿನಂತೆ ಅಗಲವಾಗಿ ತೆರೆಯದಿದ್ದರೆ, ನೋವಿಲ್ಲವೆಂದು ಉಪೇಕ್ಷಿಸದೆ ವೈದ್ಯರಿಗೆ ತೋರಿಸಬೇಕು. ಮೊದಲಲ್ಲೇ ಕಂಡುಹಿಡಿದ ರೋಗವನ್ನು ಗುಣಪಡಿಸುವುದು ಬಹುಪಾಲು ಸಾಧ್ಯ; ಬೆಳೆದ ಮೇಲೆ ಅದು ದುಸ್ತರ. ಚಟವನ್ನು ಇಂದು ಬಿಟ್ಟವನಿಗೂ ಅಪಾಯವು ಕ್ರಮೇಣ ತಗ್ಗುವುದು.

ಕೊನೆಯದಾಗಿ ಶ್ರೀಸನ್ನಿಧಿಯಲ್ಲಿ ಒಂದು ಬಿನ್ನಹ. ದಾಸೋಹದ ಪಂಕ್ತಿಯಲ್ಲಿ ಉಂಡೆದ್ದವರ ಕೈಗೆ ತಾಂಬೂಲಕ್ಕೆ ಬದಲಾಗಿ ಒಂದು ಫಲವನ್ನು ಕೊಡುವ ಸಂಪ್ರದಾಯವು ಈ ಮಹೋತ್ಸವದಿಂದ ಮೊದಲಾಗಲಿ; ತಂಬಾಕಿನ ಪೊಟ್ಟಣವು ಮಠದ ಮಹಾದ್ವಾರವನ್ನು ದಾಟದಿರಲಿ. ಬಿತ್ತನೆಯ ಕಾಳನ್ನು ಕಾಯುವ ರೈತನ ಎಚ್ಚರವನ್ನೇ ನಾವು ದೇಹದ ವಿಷಯದಲ್ಲಿಯೂ ತಾಳೋಣ.